ಜಾತಕದ ಜೊತೆಗಿಟ್ಟ ಫೋಟೊ

ನಮ್ಮಕ್ಕನನ್ನು ಬೆಳ್ಳಗೆ ಮಾಡಿದವನು ನಾನೇ. ಕ್ರೀಮು ಹಚ್ಚಲಿಲ್ಲ, ಕಡಲೆಹಿಟ್ಟು ತಿಕ್ಕಲಿಲ್ಲ. ಶಿವಮೊಗ್ಗದ ವಿದ್ಯಾನಗರದಲ್ಲಿ ನಾನು ಕೆಲಸ ಮಾಡುವ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಒಂದು ಗುಂಡಿಯನ್ನು ಎಡದಿಂದ ಬಲಕ್ಕೆ ಎಳೆದೆ, ಅಷ್ಟೆ. ಊಟದ ಹೊತ್ತಾಗಿತ್ತು, ಹಸಿವಾಗಿತ್ತು, ಕೈ ತನ್ನಷ್ಟಕ್ಕೆ ತಾನೇ ಎಳೆದುಬಿಟ್ಟಿತು.

ಕೈಯದ್ದೂ ತಪ್ಪಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಫೋಟೊ ಎಂದರೆ ಇದ್ದದ್ದಕ್ಕಿಂತ ಬೆಳಕು ಜಾಸ್ತಿ, ಗಂಡಿನ ಮನೆಗೆ ಕಳಿಸುವ ಫೋಟೊ ಎಂದರೆ ಅದಕ್ಕಿಂತಲೂ ಜಾಸ್ತಿ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ನಮ್ಮ ಓನರ್ ಮೂಗಿನಲ್ಲಿ ಮಾತಾಡುವ ಮನುಷ್ಯ. ಬೇರೆಯವರ ದನಿ ತೆಗೆದು ಆಡಿಕೊಳ್ಳುವುದು ನನಗೆ ಚಿಕ್ಕಂದಿನ ಚಾಳಿ. ಅವರ ದನಿಯನ್ನಂತೂ ಎಷ್ಟು ಹದವಾಗಿ ತೆಗೆಯುತ್ತೇನೆಂದರೆ, ಒಮ್ಮೆ ಅವರ ಹೆಂಡತಿಯೇ ಫೋನಿನಲ್ಲಿ ನನಗೆ ಕೊತ್ತಂಬರಿ ಸೊಪ್ಪು ತರಲು ಹೇಳಿದ್ದರು. "ನೋಡಪ್ಪಾ, ಸ್ಟುಡಿಯೊ ಒಳಗೆ ಕಪ್ಪಗಿರೋರು ಬರ್ತಾರೆ. ಹೊರಗೆ ಕಪ್ಪಗಿರೋರು ಹೋಗ್ಬಾರ್ದು," ಎಂಬುದು ಅವರ ಸಿದ್ಧಾಂತ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅದನ್ನು ಹೇಳಿದರು. ಎರಡನೇ ದಿನದಿಂದ ಅದನ್ನು ಅವರ ಮೂಗಿನಲ್ಲೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಮೂರನೇ ದಿನದಿಂದ ಪಾಲಿಸತೊಡಗಿದೆ.

ಅಕ್ಕ ಭದ್ರಾವತಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತಾಳೆ. ನಮ್ಮ ಮನೆ ಇರುವುದು ಅಲ್ಲೇ ನ್ಯೂ ಟೌನಿನಲ್ಲಿ, ಅಪ್ಪ ಕಾರ್ಖಾನೆಯಲ್ಲಿದ್ದಾಗ ಸಿಕ್ಕಿದ ಕ್ವಾರ್ಟರ್ಸಿನಲ್ಲಿ. ಅಕ್ಕನ ಬಣ್ಣ ಅಪ್ಪನದ್ದು. ಒಳ್ಳೆಯ ಗಟ್ಟಿ ಕಪ್ಪು. ನನ್ನದು ಅಮ್ಮನ ಬಣ್ಣ, ಹಾಲು ಹೆಚ್ಚಾದ ಕಾಫಿ. ಅದರಿಂದ ನನಗೆ ಈವರೆಗೆ ಆಗಿರುವ ಉಪಕಾರ ಏನೂ ಇಲ್ಲ.

ಆ ಬೆಳ್ಳಗಿನ ಫೋಟೊ ಜಾತಕದ ಜೊತೆ ಶಿವಮೊಗ್ಗದ ಒಂದು ಮನೆಗೆ ಹೋಯಿತು. ಅದನ್ನು ನೋಡಿ ಅವರು ಹೆಣ್ಣು ನೋಡಲು ಬಂದರು. ಹುಡುಗ, ಅವನ ಅಪ್ಪ, ಅವನ ಅಮ್ಮ. ಅಕ್ಕ ಕಾಫಿ ತಂದಳು. ಹುಡುಗನ ಅಮ್ಮ ಕಾಫಿ ತೆಗೆದುಕೊಳ್ಳುವ ಮೊದಲು ಅಕ್ಕನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಫೋನ್ ನೋಡಿದರು, ಎರಡು ಬೆರಳಿಟ್ಟು ಫೋಟೊವನ್ನು ದೊಡ್ಡದು ಮಾಡಿದರು, ಮತ್ತೆ ಅಕ್ಕನನ್ನು ನೋಡಿದರು.

"ಇವ್ರಿಗೆ ತಂಗಿ ಯಾರಾದ್ರೂ ಇದಾರಾ?"

ಅಮ್ಮ, "ಇಲ್ಲ, ಒಬ್ಳೇ ಮಗಳು," ಎಂದಳು.

"ಹಂಗಾದ್ರೆ ಲೈಟಿಂಗ್ ಇರ್ಬೇಕು ಬಿಡಿ," ಎಂದು ಅವರು ಕಾಫಿ ಕುಡಿದರು.

ಅವರು ಹೊರಟ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಮೌನ ತಡೆಯಲಾಗುವುದಿಲ್ಲ. ಎದ್ದು ನಿಂತು, ಸೆರಗು ಸರಿಮಾಡಿಕೊಂಡಂತೆ ಮಾಡಿ, ಬೆರಳು ಅಗಲಿಸಿ, ಆ ಹೆಂಗಸಿನ ದನಿಯಲ್ಲೇ "ಹಂಗಾದ್ರೆ ಲೈಟಿಂಗ್ ಇರ್ಬೇಕು ಬಿಡಿ" ಅಂದೆ. ಅಮ್ಮ ನಕ್ಕಳು. ಅಪ್ಪನೂ ತುಟಿ ಸಡಿಲಿಸಿದರು. ಅಕ್ಕ ಮಾತ್ರ ಲೋಟಗಳನ್ನು ಎತ್ತುತ್ತಾ, "ಚೆನ್ನಾಗಿ ಮಾಡ್ತೀಯ ಕಣೋ. ಅರ್ಧ ಗಂಟೆ ಕೂತೋರ ದನಿ, ಕಣ್ಣು, ಕೈ, ಎಲ್ಲ ಬಂತು ನಿಂಗೆ. ಹುಟ್ಟಿದಾಗಿಂದ ನೋಡಿದೀಯ, ನನ್ನ ಮುಖ ಒಂದು ಬರ್ಲಿಲ್ಲ," ಎಂದಳು.

ಆಮೇಲೆ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಇನ್ನೊಂದು ಮನೆಯವರು ಜಾತಕ ಕೇಳಿದ್ದರು, ಎರಡು ವಾರದಲ್ಲಿ ಕಳಿಸಬೇಕಿತ್ತು. "ನಾನು ಹೆಂಗಿದೀನೋ ಹಂಗೆ ಒಂದು ಫೋಟೊ ತೆಗಿ. ಬರೋರು ನನ್ನೇ ನೋಡಕ್ಕೆ ಬಂದಿರ್ಬೇಕು, ನೀನು ಕಂಪ್ಯೂಟರ್‌ನಲ್ಲಿ ಹುಟ್ಟಿಸಿರೋ ತಂಗೀನ ಅಲ್ಲ. ಆಗಲ್ಲ ಅಂದ್ರೆ ಹೇಳಿಬಿಡು. ಜಾತಕ ಕಳ್ಸೋ ಕೆಲ್ಸನೇ ಬೇಡ, ಇಲ್ಲಿಗೇ ನಿಲ್ಸೋಣ."

ಆಗಲ್ಲ ಎಂದು ಹೇಳಲು ನನಗೆ ನಾಚಿಕೆ. ಇರುವುದನ್ನು ಇದ್ದಂತೆ ತೆಗೆಯುವುದರಲ್ಲಿ ಏನು ಕಷ್ಟ, ಗುಂಡಿ ಎಳೆಯದಿದ್ದರೆ ಆಯಿತು ಎಂದುಕೊಂಡೆ. ನನ್ನ ಬದುಕಿನಲ್ಲಿ ಇಷ್ಟು ದಡ್ಡ ಯೋಚನೆ ಇನ್ನೊಂದಿಲ್ಲ.

ಸ್ಟುಡಿಯೊದ ಕ್ಯಾಮೆರಾ ತಂದು, ಅಕ್ಕನನ್ನು ಮನೆಯ ಬಿಳಿ ಗೋಡೆಯ ಮುಂದೆ ನಿಲ್ಲಿಸಿ ತೆಗೆದೆ. ಗೋಡೆ ಬೂದಿಯ ಬಣ್ಣಕ್ಕೆ ತಿರುಗಿತು, ಅಕ್ಕ ಇದ್ದಿಲಾದಳು. ಕಣ್ಣು, ಹಲ್ಲು ಬಿಟ್ಟರೆ ಮುಖದಲ್ಲಿ ಏನೂ ಇಲ್ಲ. ಸರಿ, ಗೋಡೆಯೇ ಬೇಡ ಎಂದು ಮುಖವೊಂದೇ ತುಂಬುವಂತೆ ಹತ್ತಿರದಿಂದ ತೆಗೆದೆ. ಈಗ ಮುಖ ಬೂದಿಯ ಬಣ್ಣಕ್ಕೆ ಬಂತು.

ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒಂದು ನಂಬಿಕೆ: ಲೋಕದಲ್ಲಿರುವುದೆಲ್ಲ ಸರಾಸರಿಗೆ ಬೂದು. ಎಮ್ಮೆ ತೋರಿಸಿದರೆ ಕತ್ತಲೆ ಹೆಚ್ಚಾಯಿತೆಂದು ಬೆಳಕು ಸುರಿದು ಅದನ್ನು ಬೂದು ಮಾಡುತ್ತದೆ. ಕೊಕ್ಕರೆ ತೋರಿಸಿದರೆ ಬೆಳಕು ಹೆಚ್ಚಾಯಿತೆಂದು ಕತ್ತರಿಸಿ ಅದನ್ನೂ ಬೂದು ಮಾಡುತ್ತದೆ. ಇದನ್ನು ಅಕ್ಕನಿಗೆ ವಿವರಿಸಿದೆ.

"ನಮ್ಮ ಹೆಡ್ ಮೇಡಮ್ ಥರ," ಎಂದಳು. "ಓದಿದೋರಿಗೂ ಐವತ್ತು, ಓದದಿದ್ದೋರಿಗೂ ಐವತ್ತು. ಸರಿ, ನೀನೇ ಕೈಯಲ್ಲಿ ಹಾಕು ಮಾರ್ಕ್ಸು."

ಕೈಯಲ್ಲೇ ಹಾಕೋಣ, ಬೆಳಕಿರುವ ಕಡೆ ಹೋಗೋಣ ಎಂದು ಭಾನುವಾರ ಸ್ಕೂಟರಿನಲ್ಲಿ ಗಾಜನೂರಿಗೆ ಕರೆದುಕೊಂಡು ಹೋದೆ. ಅಣೆಕಟ್ಟಿನ ಕಡೆ ಜಾಗ ಚೆನ್ನಾಗಿದೆ, ಹಿಂದೆ ನೀರು, ಮೇಲೆ ಆಕಾಶ. ಅಕ್ಕ ಕೆನೆಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು, ಅಂಚಿಗೆ ಜರಿ. ತಲುಪಿದಾಗ ಹನ್ನೊಂದು ಗಂಟೆ, ಸುಡುವ ಬಿಸಿಲು. ಫೋಟೊಗ್ರಾಫರು ಯಾರಾದರೂ ಇದನ್ನು ಓದುತ್ತಿದ್ದರೆ ಈಗಲೇ ತಲೆ ಚಚ್ಚಿಕೊಂಡಿರುತ್ತಾರೆ.

ಆಕಾಶ ಸರಿಯಾಗಿ ಬರುವಂತೆ ತೆಗೆದರೆ ಅಕ್ಕನ ಜಾಗದಲ್ಲಿ ಅಕ್ಕನ ಆಕಾರದ ರಂಧ್ರ. ಅಕ್ಕನ ಮುಖ ಬರುವಂತೆ ತೆಗೆದರೆ ಆಕಾಶ ಇಲ್ಲ, ನೀರಿಲ್ಲ, ಸೀರೆಯ ಬಟ್ಟೆಯೇ ಇಲ್ಲ, ಕುತ್ತಿಗೆಯ ಕೆಳಗೆ ಒಂದು ಬಿಳಿ ಹಾಳೆ. ಅಲ್ಲೇ ಮೊಸರನ್ನ ತಿನ್ನುತ್ತಾ ಕುಳಿತಿದ್ದ ಹಿರಿಯರೊಬ್ಬರು, "ಸೂರ್ಯನ್ನ ಬೆನ್ನಿಗೆ ಹಾಕ್ಬಾರ್ದು ಕಣಪ್ಪ," ಎಂದು ಸಲಹೆ ಕೊಟ್ಟರು. ಅಕ್ಕನ ಮುಖವನ್ನು ಬಿಸಿಲಿನ ಕಡೆ ತಿರುಗಿಸಿದೆ. ಕಣ್ಣು ಮುಚ್ಚಿಹೋಯಿತು, ಮೂಗಿನ ಮೇಲೊಂದು ಬಲ್ಬು ಹತ್ತಿಕೊಂಡಿತು, ಬೆವರು ಹೊಳೆಯಿತು, ಸೀರೆ ಮತ್ತೆ ಹಾಳೆ. ಕೊನೆಗೆ ಸಾಕಾಗಿ ಫೋನಿನಲ್ಲಿ ತೆಗೆದೆ. ಫೋನು ಆಕಾಶವನ್ನೂ ಉಳಿಸಿತು, ಸೀರೆಯನ್ನೂ ಉಳಿಸಿತು, ಅಕ್ಕನ ಮುಖವನ್ನು ಮಾತ್ರ ತಿಕ್ಕಿ ತೊಳೆದು ನುಣ್ಣಗೆ, ಬೆಳ್ಳಗೆ ಮಾಡಿ ಕೈಗಿಟ್ಟಿತು. ನಾನು ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ.

"ಬಂದ್ಳು ನೋಡು, ನೀನು ಹುಟ್ಟಿಸಿರೋ ತಂಗಿ," ಎಂದಳು ಅಕ್ಕ. ವಾಪಸು ಬರುವಾಗ ಸಣ್ಣ ಸೇತುವೆಯ ಹತ್ತಿರ ಸ್ಕೂಟರು ಎತ್ತಿಹಾಕಿದಾಗ, "ನಿಧಾನ," ಎಂದಳು.

ಸೋಮವಾರ ಸ್ಟುಡಿಯೊದಲ್ಲಿ ಗಾಜನೂರಿನ ಫೋಟೊಗಳನ್ನು ತೆರೆದು ಕುಳಿತೆ. ಕಪ್ಪಾಗಿ ಬಂದ ಮುಖದ ಬೆಳಕನ್ನು ಮೇಲಕ್ಕೆತ್ತಿದೆ. ಎತ್ತುತ್ತಿದ್ದಂತೆ ಕೆನ್ನೆಯ ಮೇಲೆಲ್ಲ ಕೆಂಪು, ಹಸಿರು, ನೀಲಿ ಚುಕ್ಕೆಗಳು ರಾಗಿ ಚೆಲ್ಲಿದ ಹಾಗೆ ಎದ್ದವು. ಇನ್ನೊಂದು ಫೋಟೊದಲ್ಲಿ ಬಿಳಿಯಾಗಿದ್ದ ಸೀರೆಯ ಬೆಳಕನ್ನು ಕೆಳಕ್ಕಿಳಿಸಿದೆ. ಬಿಳಿ ಹಾಳೆ ಬೂದು ಹಾಳೆಯಾಯಿತೇ ಹೊರತು ಒಂದು ಎಳೆ ನೂಲೂ ಹಿಂತಿರುಗಲಿಲ್ಲ.

ನನಗೆ ಇದು ಅರ್ಥವಾದದ್ದು ಮೈಕಿನಿಂದ. ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡಲು ಹೋಗುತ್ತಿದ್ದಾಗ ಕಲಿತ ಪಾಠ: ಮೈಕಿಗೆ ಬಾಯಿಟ್ಟು ಕಿರುಚಿದರೆ ಬರ್ ಎಂದು ಹರಿದುಹೋಗುತ್ತದೆ. ಆಮೇಲೆ ಸೌಂಡಿನವನು ವಾಲ್ಯೂಮ್ ಎಷ್ಟು ಇಳಿಸಿದರೂ ಸಣ್ಣಗೆ ಬರ್ ಎನ್ನುತ್ತದೆ, ನಾನು ಏನು ಕಿರುಚಿದೆ ಎಂಬುದು ತಿಳಿಯುವುದಿಲ್ಲ. ದೂರ ನಿಂತು ಪಿಸುಗುಟ್ಟಿದರೆ ಅದನ್ನು ಏರಿಸಬಹುದು, ಆದರೆ ಪಿಸುಮಾತಿನ ಜೊತೆ ಮೈಕಿನ ಒಳಗಿನ ಗುಂಯ್ ಕೂಡ ಏರುತ್ತದೆ. ಈ ಹರಿಯುವುದಕ್ಕೂ ಗುಂಯ್‌ಗೂ ನಡುವೆ ಇರುವಷ್ಟೇ ಜಾಗದಲ್ಲಿ ನನ್ನ ಎಲ್ಲ ದನಿಗಳೂ ಹಿಡಿಸಬೇಕು. ಕ್ಯಾಮೆರಾದ ಒಳಗೆ ಬೆಳಕನ್ನು ಹಿಡಿಯುವ ಸೆನ್ಸರಿಗೂ ಅಷ್ಟೇ. ಬಿಸಿಲಿನ ಸೀರೆ ಅದಕ್ಕೆ ಕಿರುಚಾಟ, ಅಕ್ಕನ ಮುಖ ಪಿಸುಮಾತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳು ಎಂದರೆ ಅದು ಏನು ಮಾಡೀತು. ಸೆನ್ಸರ್ ಕೂಡ ನನ್ನಂಥದೇ ಒಂದು ಮಿಮಿಕ್ರಿ ಗಿರಾಕಿ. ಇಬ್ಬರಿಗೂ ಗಂಟಲಿನ ಮಿತಿ ಇದೆ, ಇಬ್ಬರಿಗೂ ಒಪ್ಪಿಕೊಳ್ಳುವ ಬುದ್ಧಿ ಇಲ್ಲ.

ಓನರ್ ಹಿಂದೆ ಬಂದು ನಿಂತಿದ್ದರು. "ಏನಪ್ಪಾ ಇದು, ನಿಮ್ಮಕ್ಕನ ಮುಖಕ್ಕೆ ದಡಾರ ಬಂದಂಗಿದೆ."

ವಿಷಯ ಹೇಳಿದೆ.

"ಇದ್ದಂಗೇ ಬೇಕು ಅಂದ್ರೆ ಕನ್ನಡಿ ಸಾಕಲ್ಲ ಮಾರಾಯ, ನಾವ್ಯಾಕೆ? ಜನ ಸ್ಟುಡಿಯೊಗೆ ಬರೋದೇ ಇದ್ದಂಗೆ ಬೇಡ ಅಂತ. ಕೊಡಿಲ್ಲಿ," ಎಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಗುಂಡಿಯನ್ನು ಬಲಕ್ಕೆ ಎಳೆದರು. ಅಕ್ಕ ಗೋದಿ ಬಣ್ಣಕ್ಕೆ ಬಂದಳು. "ನೋಡು, ಏಕ್‌ದಮ್ ಲಕ್ಷಣ."

ಲಕ್ಷಣವಾಗಿ ಕಂಡಳು ಎಂಬುದೇ ನನಗೆ ಉರಿದದ್ದು. ನನ್ನ ಕಣ್ಣಿಗೂ ಒಂದು ಕ್ಷಣ ಹಾಗೆ ಕಂಡಿತು. ಅಷ್ಟು ವರ್ಷ ಅದೇ ಗುಂಡಿ ಎಳೆದು ನನ್ನ ಕಣ್ಣೂ ಹಾಳಾಗಿತ್ತು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಇದನ್ನೆಲ್ಲ ಗೊಣಗಿದೆ. ಅಪ್ಪ ಕೇಳುತ್ತಿದ್ದಾರೆ ಎಂದೂ ಗೊತ್ತಿರಲಿಲ್ಲ. ಅವರು ಕೆಲಸದ ವರ್ಷಗಳನ್ನೆಲ್ಲ ಕಬ್ಬಿಣದ ಕುಲುಮೆಯ ಮುಂದೆ ಕಳೆದವರು. ಕುಲುಮೆಯ ಒಳಗನ್ನು ಅವರು ನೋಡುತ್ತಿದ್ದದ್ದು ಕಡುನೀಲಿ ಗಾಜಿನ ಒಂದು ತುಂಡಿನ ಮೂಲಕ.

"ಬರಿಗಣ್ಣಲ್ಲಿ ಒಳಗೆ ನೋಡಿದ್ರೆ ಎಲ್ಲ ಬಿಳಿ," ಎಂದರು. "ಕರಗಿದ ಕಬ್ಬಿಣನೂ ಬಿಳಿ, ಮೇಲೆ ತೇಲೋ ಕಿಟ್ಟನೂ ಬಿಳಿ, ಇಟ್ಟಿಗೆ ಗೋಡೆನೂ ಬಿಳಿ. ಯಾವುದು ಯಾವುದು ಅಂತ ಗೊತ್ತಾಗಲ್ಲ. ಗಾಜು ಹಿಡಿದ್ರೆ ಬೇರೆ ಬೇರೆ ಕಾಣ್ಸುತ್ತೆ. ಹೊಸಬರು ಕತ್ತಲೆ ಮೂಲೇಲಿ ಏನಿದೆ ಅಂತ ಇಣುಕ್ತಿದ್ರು. ಕಣ್ಣು ಕುಕ್ಕಿಸ್ಕೊಂಡು ಬರ್ತಿದ್ರು. ಎಲ್ಲಕ್ಕಿಂತ ಬೆಳ್ಳಗಿರೋದನ್ನ ಮೊದ್ಲು ನೋಡ್ಬೇಕು. ಅದು ಕೈಗೆ ಸಿಕ್ತು ಅಂದ್ರೆ ಉಳಿದಿದ್ದು ಸಿಗುತ್ತೆ. ನೀನು ಅವಳ ಮುಖ ನೋಡ್ಕೊಂಡು ಕೂತಿದೀಯ. ಸೀರೆ ನೋಡು."

"ಇದನ್ನ ಮೊದ್ಲೇ ಹೇಳಕ್ಕೇನಾಗಿತ್ತು?"

"ನೀನು ಯಾರನ್ನ ಮಾತಾಡಕ್ಕೆ ಬಿಡ್ತೀಯ?" ಎಂದು ಸಾರಿಗೆ ಕೈ ಚಾಚಿದರು.

ಜಾತಕ ಕಳಿಸಲು ಉಳಿದದ್ದು ಮೂರೇ ದಿನ. ಅಕ್ಕನಿಗೆ ಮತ್ತೆ ಅದೇ ಸೀರೆ ಉಡಿಸಿದೆ; ಮೂರು ಸಲ ಇಸ್ತ್ರಿಯಾದ ಸೀರೆ, ಉಡುವವಳಿಗೂ ಬೇಸರ. ಬಿಸಿಲಿಗೆ ಹೋಗಲಿಲ್ಲ. ಮುಂಬಾಗಿಲಿನ ಜಗಲಿಗೆ ಹಗ್ಗ ಕಟ್ಟಿ ಅಪ್ಪನ ಬಿಳಿ ಪಂಚೆ ಇಳಿಬಿಟ್ಟೆ. ಬಿಸಿಲು ಅದರಲ್ಲಿ ಸೋಸಿ ಮೆತ್ತಗಾಗಿ ಒಳಗೆ ಬಂತು. ನೆಲಕ್ಕೆ ಬಿಳಿ ಹೊದಿಕೆ ಹಾಸಿದೆ, ಅದರಿಂದ ಒಂದಿಷ್ಟು ಬೆಳಕು ಗಲ್ಲದ ಕೆಳಗೆ ಎದ್ದಿತು. "ಮಡಿಕೆ ಮುರಿಯದ ಪಂಚೆ ಕಣೋ ಅದು," ಎಂದು ಅಮ್ಮ ಒಳಗಿನಿಂದ ಕೂಗಿದಳು. ಸೀರೆಗೂ ಮುಖಕ್ಕೂ ಇದ್ದ ಬೆಳಕಿನ ಅಂತರ ಈಗ ಒಂದು ಗಂಟಲಿಗೆ ಎಟುಕುವಷ್ಟಿತ್ತು. ಮುಖವನ್ನು ಮರೆತು ಸೀರೆಯನ್ನೇ ನೋಡುತ್ತಾ ಬೆಳಕು ಏರಿಸುತ್ತಾ ಹೋದೆ. ಜರಿಯ ಎಳೆ ಇನ್ನೇನು ಬಿಳಿಯಲ್ಲಿ ಮುಳುಗಬೇಕು ಎನ್ನುವಾಗ ನಿಲ್ಲಿಸಿ, ಅಲ್ಲಿಂದ ಒಂದು ಚೂರು ಹಿಂದೆ ಬಂದು ಕ್ಲಿಕ್ ಮಾಡಿದೆ.

ಅಕ್ಕ ಬಂದು ಕ್ಯಾಮೆರಾದ ಹಿಂದಿನ ಪರದೆ ನೋಡಿದಳು. ಅದರಲ್ಲಿ ಅವಳು ಬೆಳ್ಳಗಿದ್ದಳು.

ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಬಾಗಿಲಿನ ಈಚೆ ನಿಂತು ಸೆನ್ಸರಿನ ಪಾಠ ಮಾಡಿದವನು ಭದ್ರಾವತಿಯಲ್ಲಿ ನಾನೊಬ್ಬನೇ ಇರಬೇಕು. "ಅಕ್ಕ, ಇದು ಪೂರ್ತಿ ಆಗಿಲ್ಲ, ಕೇಳು. ಬೆಳಕಿಂದ ಕತ್ತಲಿಗೆ ಇಳಿಯಕ್ಕೆ ಸೆನ್ಸರ್ ಹತ್ರ ಲೆಕ್ಕದ ಮೆಟ್ಟಿಲು ಇರೋದು. ಅದ್ರಲ್ಲಿ ಅರ್ಧಕ್ಕರ್ಧ ಮೆಟ್ಟಿಲನ್ನ ಎಲ್ಲಕ್ಕಿಂತ ಮೇಲಿನ ಮಹಡಿಗೇ ಹಾಕಿಬಿಡುತ್ತೆ. ಉಳಿದಿದ್ರಲ್ಲಿ ಅರ್ಧ ಅದ್ರ ಕೆಳಗಿನ ಮಹಡಿಗೆ. ಅದ್ರಲ್ಲಿ ಉಳಿದಿದ್ರಲ್ಲಿ ಅರ್ಧ ಇನ್ನೊಂದಕ್ಕೆ. ಹಿಂಗೆ ಬರ್ತಾ ಬರ್ತಾ ನೆಲಮಾಳಿಗೆಗೆ ಏನೂ ಉಳಿಯಲ್ಲ. ಕಪ್ಪು ಮುಖನ ಕಪ್ಪಾಗೇ ತೆಗೆದ್ರೆ ಅದು ಹೋಗಿ ಆ ನೆಲಮಾಳಿಗೇಲಿ ಕೂರುತ್ತೆ. ಕೆನ್ನೆ ಬೇರೆ, ಹಣೆ ಬೇರೆ ಅಂತ ತೋರ್ಸಕ್ಕೆ ಮೆಟ್ಟಿಲೇ ಇಲ್ಲ. ಅದಕ್ಕೆ ನಿನ್ನ ಮೇಲಿನ ಮಹಡೀಲಿ ಕೂರ್ಸಿ ತೆಗೆದಿದೀನಿ. ಎಲ್ಲ ವಿವರ ಅಲ್ಲಿ ಸಿಕ್ಕಿದೆ. ಈಗ ಅದನ್ನ ಹಂಗೇ ಕೆಳಗೆ ಇಳಿಸ್ಬೇಕು."

ಒಳಗಿನಿಂದ ಪ್ರಶ್ನೆ ಬಂತು, "ಅರ್ಧ ಮೇಲಿನೋರಿಗೇನಾ?"

"ಹೂಂ."

"ಯಾವನು ಮಾಡಿದ್ದು ಆ ಹಂಚಿಕೆ?"

"ಯಾರೂ ಮಾಡಿದ್ದಲ್ಲ. ಬೆಳಕನ್ನ ಎಣಿಸೋ ರೀತೀನೇ ಹಂಗೆ."

"ಎಲ್ಲರೂ ಅದನ್ನೇ ಹೇಳೋದು," ಎಂದು ಬಾಗಿಲು ತೆಗೆದಳು. ನನ್ನನ್ನು ನಂಬಿದ್ದಕ್ಕಲ್ಲ. ನಾನು ಏನು ಇಳಿಸುತ್ತೇನೋ ಕಣ್ಣಾರೆ ನೋಡಲು.

ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟು ಕುಳಿತೆವು. ಅಕ್ಕ ತನ್ನ ಎಡಗೈಯನ್ನು ಪರದೆಯ ಪಕ್ಕಕ್ಕೆ ಚಾಚಿ, ಮುಂಗೈ ಕಾಣುವಂತೆ ಹಿಡಿದಳು. ಬದುಕಿನಲ್ಲಿ ಮೊದಲ ಸಲ ಆ ಗುಂಡಿಯನ್ನು ನಾನು ಬಲದಿಂದ ಎಡಕ್ಕೆ ಎಳೆದೆ. ಸೀರೆಯನ್ನು ಹಾಗೇ ಬಿಟ್ಟು ಮುಖವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದೆ. ಅಮ್ಮ ಹಿಂದೆ ಬಂದು, "ಸಾಕು, ಅಲ್ಲೇ ನಿಲ್ಸು, ಚೆನ್ನಾಗಿದೆ," ಎಂದಳು.

"ಇಳಿಸು," ಎಂದಳು ಅಕ್ಕ.

ಇಳಿಸಿದೆ. ನನ್ನ ಬೆರಳೇ ತಡೆಯುತ್ತಿತ್ತು.

"ಇನ್ನೂ."

"ಇನ್ನೂ ಅಂದ್ರೆ ಜಾಸ್ತಿ ಆಗುತ್ತೆ ಅಕ್ಕ."

"ಕೈ ನೋಡು, ಮುಖ ನೋಡು. ಎರಡೂ ಒಬ್ಬಳದ್ದಾ?"

ಒಬ್ಬಳದ್ದಾಗಿರಲಿಲ್ಲ. ಇನ್ನೂ ಇಳಿಸಿದೆ. ಒಂದು ಕಡೆ ಅವಳು, "ಹಾಂ," ಎಂದಳು. ಅಲ್ಲಿ ನಿಂತೆ.

ಚುಕ್ಕೆಗಳಿರಲಿಲ್ಲ. ಕೆನ್ನೆಯ ಮೇಲುಭಾಗದಲ್ಲಿ ಒಂದು ಮೆಲುವಾದ ಹೊಳಪು, ಅದರ ಕೆಳಗೆ ಕಪ್ಪಿನೊಳಗೇ ಒಂದು ಕೆಂಪು, ಕಣ್ಣಿನ ಸುತ್ತ ಇನ್ನೂ ಗಾಢವಾದ ಕಪ್ಪು. ಒಂದು ಕಪ್ಪಿನಲ್ಲಿ ಇಷ್ಟು ಬಣ್ಣ ಇತ್ತು ಎಂಬುದು ಅದನ್ನೇ ಇಪ್ಪತ್ತು ವರ್ಷ ಎದುರಿಗೆ ಕೂರಿಸಿಕೊಂಡು ಉಂಡ ನನಗೆ ಗೊತ್ತಿರಲಿಲ್ಲ. ಅಕ್ಕ ಪರದೆಯ ಹತ್ತಿರ ಬಾಗಿ ಬಲಹುಬ್ಬಿನ ತುದಿಯನ್ನು ಮುಟ್ಟಿದಳು. "ಈ ಕಲೆ ಚಿಕ್ಕೋನಿದ್ದಾಗ ನೀನು ಮೆಟ್ಟಿಲಿಂದ ತಳ್ಳಿದ್ದಕ್ಕೆ ಆಗಿದ್ದು. ಎಷ್ಟು ವರ್ಷದಿಂದ ಯಾವ ಫೋಟೊದಲ್ಲೂ ಇರ್ಲಿಲ್ಲ ಇದು."

ಅಮ್ಮನ ಫೋನಿನಿಂದ ಆ ಫೋಟೊ, ಜಾತಕ ಎರಡೂ ಹೋದವು. ನಾನು ಎರಡು ದಿನ ಕಾಲರ್ ಎತ್ತಿಕೊಂಡು ಓಡಾಡಿದೆ. ಮೂರನೇ ದಿನ ಈ ಎರಡನೇ ಮನೆಯ ಹುಡುಗನ ಅಮ್ಮನಿಂದ ಉತ್ತರ ಬಂತು. ಜಾತಕ ಚೆನ್ನಾಗಿ ಕೂಡಿ ಬರುತ್ತದೆ. ಆದರೆ ಫೋಟೊ ಸ್ವಲ್ಪ ಡಾರ್ಕ್ ಬಂದಿದೆ ಅನ್ನಿಸುತ್ತೆ, ಫೋಟೊ ತೆಗೆದವರಿಗೆ ಸರಿಯಾಗಿ ಬರಲ್ಲವೇನೋ. ಒಳ್ಳೆ ಸ್ಟುಡಿಯೊದಲ್ಲಿ ತೆಗೆಸಿದ್ದು ಇದ್ದರೆ ಕಳಿಸಿ.

ನಾನು ಆ ಸಾಲನ್ನು ನಾಲ್ಕು ಸಲ ಓದಿದೆ. ಜೀವನದಲ್ಲಿ ತೆಗೆದ ಒಂದೇ ಒಂದು ಸರಿಯಾದ ಫೋಟೊಗೆ ಬಂದ ಸರ್ಟಿಫಿಕೇಟು. ಇಷ್ಟು ದಿನ ಸುಳ್ಳು ತೆಗೆದಾಗ ಒಬ್ಬರೂ ನನ್ನ ಕೆಲಸದಲ್ಲಿ ಕುಂದು ಹೇಳಿರಲಿಲ್ಲ. ಅದನ್ನು ಆಡಿಕೊಳ್ಳೋಣವೆಂದರೆ ಯಾರ ದನಿಯೂ ಹೊಂದಲಿಲ್ಲ.

"ಹಳೇದು ಇದೆಯಲ್ಲ," ಎಂದು ಅಮ್ಮ ಮೆಲ್ಲಗೆ ಫೋನಿನಲ್ಲಿ ಹುಡುಕತೊಡಗಿದಳು. "ಅದನ್ನೇ ಕಳ್ಸಿದ್ರೆ ಆಯ್ತು. ಜಾತಕ ಕೂಡಿದೆ ಅಂತಾರೆ. ಬಂದು ನೋಡಿದ್ಮೇಲೆ ಒಪ್ಕೊಂಡ್ರೂ ಒಪ್ಕೊಂಡ್ರು."

ಅಕ್ಕ ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡಳು. ಮೊದಲು ಆ ಬೆಳ್ಳಗಿನ ಫೋಟೊವನ್ನು ಅಳಿಸಿದಳು. ಆಮೇಲೆ ಉತ್ತರ ಬರೆದಳು, ಬರೆದದ್ದನ್ನು ನಮಗೆ ಓದಿಯೂ ಹೇಳಿದಳು: "ನಮಸ್ತೆ. ಫೋಟೊ ಸರಿಯಾಗೇ ಬಂದಿದೆ. ನನ್ನ ಬಣ್ಣ ಇದೇ. ಇದನ್ನು ನೋಡಿ ಬರುವುದಾದರೆ ಭಾನುವಾರ ಮನೆಯಲ್ಲಿರುತ್ತೇವೆ."

ಅವರು ಓದಿದರು ಎಂಬುದಕ್ಕೆ ಎರಡು ನೀಲಿ ಗೀಟು ಬಂದವು. ಭಾನುವಾರ ಅಮ್ಮ ಬೆಳಿಗ್ಗೆಯೇ ಮನೆ ಒರೆಸಿ, ಹನ್ನೆರಡರವರೆಗೆ ಗೇಟಿನ ಕಡೆ ನೋಡಿದಳು. ಯಾರೂ ಬರಲಿಲ್ಲ. ಅಕ್ಕ ಆ ಹೊತ್ತಿಗೆ ಅರ್ಧ ಕಟ್ಟು ಉತ್ತರಪತ್ರಿಕೆ ತಿದ್ದಿ ಮುಗಿಸಿದ್ದಳು.

ಮುಂದಿನ ತಿಂಗಳು ಮತ್ತೊಂದು ಕಡೆಯವರು ಕೇಳಿದರು. ಯಾವ ಫೋಟೊ ಕಳಿಸಲಿ ಎಂದು ಅಮ್ಮ ಕೇಳಿದಾಗ ಅಕ್ಕ ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ಕೆಂಪು ಪೆನ್ನು ಎತ್ತದೆಯೇ, "ಅದನ್ನೇ," ಎಂದಳು.